ಚಿಗಟ, ಹೊಸ್ತಿಲು ಮತ್ತು ಶ್ರಾವಕಾಚಾರ

ಹಿಟ್ಟಿಗೆ ಮರ್ಯಾದೆಯುಂಟೆಂಬುದು ಜೈನರ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಸಂಗತಿ. ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಅವಧಿ ಮೀರಿದ ಹಿಟ್ಟು ಅಭಕ್ಷ್ಯ. ಹುಳು ಕಣ್ಣಿಗೆ ಬಿದ್ದ ಮೇಲೆ ಹಿಟ್ಟನ್ನು ಚೆಲ್ಲಬೇಕೆಂದು ಹಿರಿಯರು ಹೇಳಲಿಲ್ಲ. ಹುಳು ಹುಟ್ಟುವ ಮೊದಲೇ ಹಿಟ್ಟು ಮುಗಿದಿರಬೇಕೆಂದರು. ನೀರು ಸೋಸುವ ಕ್ರಮವೂ ಇಂತಹುದೇ. ಬಟ್ಟೆಯಲ್ಲಿ ಉಳಿದುದನ್ನು ಚರಂಡಿಗೆ ಕೊಡವುವಂತಿಲ್ಲ, ನೀರು ಬಂದ ಬಾವಿಗೇ ಮೆಲ್ಲನೆ ಮರಳಿಸಬೇಕು. ಜೀವಿಯು ತನ್ನ ನೆಲೆಯಲ್ಲಿರಲಿ, ಮನುಷ್ಯನ ನೆಲೆಯಲ್ಲಿ ಹುಟ್ಟಿ ಮನುಷ್ಯನ ಕೈಯಲ್ಲಿ ಸಾಯುವ ಪ್ರಸಂಗ ಬಾರದಿರಲಿ ಎಂಬುದೇ ಈ ವಿಧಿಗಳೆಲ್ಲದರ ತಾತ್ಪರ್ಯ.

ಅಡಿಗೆಮನೆಯೊಳಗೆ ಇಷ್ಟು ಸೂಕ್ಷ್ಮವಾಗಿ ನಡೆದುಕೊಳ್ಳುವ ಸಮಾಜವು ಅಡಿಗೆಮನೆಯ ಬಾಗಿಲು ದಾಟಿದೊಡನೆ ಈ ವಿವೇಕವನ್ನು ಮರೆಯುತ್ತದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಹೆಂಚಿನ ಮನೆಗಳಲ್ಲಿ ಅಟ್ಟದ ಮೇಲೆ ಬೆಕ್ಕು ಮರಿ ಹಾಕುತ್ತದೆ. ಯಾರೂ ಹತ್ತಿ ನೋಡುವುದಿಲ್ಲ. ಮದುವೆಗೆಂದು ಕೊಂಡ ಜಮಖಾನೆಗಳು ಮೂಲೆಯ ಕೋಣೆಯಲ್ಲಿ ವರ್ಷಗಟ್ಟಲೆ ಸುತ್ತಿಟ್ಟಂತೆಯೇ ಇರುತ್ತವೆ. ಬೀದಿಯ ನಾಯಿ ಜಗಲಿಯ ಮೇಲೆ, ಗೋಣಿಚೀಲದ ಮೇಲೆ ಮಲಗುತ್ತದೆ. ಆ ಗೋಣಿಯನ್ನು ಯಾರೂ ಕೊಡವುವುದಿಲ್ಲ. ಕೆಲವು ವಾರಗಳಲ್ಲಿ ಮಕ್ಕಳ ಕಣಕಾಲಿನ ಸುತ್ತ ಕೆಂಪು ಗುಳ್ಳೆಗಳು ಏಳುತ್ತವೆ. ಚಿಗಟ ಹತ್ತಿದೆಯೆಂದು ಮನೆಯವರಿಗೆ ಅರಿವಾಗುವುದು ಆಗ. ಅನಂತರ ನಡೆಯುವುದು ಎಲ್ಲರಿಗೂ ಗೊತ್ತಿದೆ. ದೂರವಾಣಿಯಲ್ಲಿ ಎರಡು ಮಾತು. ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಇಬ್ಬರ ಆಗಮನ. ಮನೆಮಂದಿಯೆಲ್ಲ ಅರ್ಧ ದಿನ ನೆಂಟರ ಮನೆಗೆ. ಸಂಜೆ ಹಿಂತಿರುಗಿ ಕಿಟಕಿ ತೆರೆದು, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುತ್ತಾರೆ. ರಾತ್ರಿಭೋಜನ ತ್ಯಾಗದ ವ್ರತಕ್ಕೆ ಆ ದಿನವೂ ಭಂಗವಿಲ್ಲ!

ಇದರಲ್ಲಿರುವ ವಿಪರ್ಯಾಸ ಹಾಸ್ಯಕ್ಕೆ ಒದಗುವಂತಹುದು, ಆದರೆ ಹಾಸ್ಯದ ವಿಷಯವಲ್ಲ. ಕೃತ, ಕಾರಿತ, ಅನುಮೋದಿತವೆಂಬ ಮೂರು ದಾರಿಗಳಲ್ಲಿಯೂ ಹಿಂಸೆಯು ಆತ್ಮಕ್ಕೆ ಅಂಟುತ್ತದೆಂಬುದನ್ನು ಜೈನಶಾಸ್ತ್ರದಷ್ಟು ಬಿಡಿಸಿ ಹೇಳಿದ ಶಾಸ್ತ್ರ ವಿರಳ. ತಾನು ಮಾಡಿದುದು, ಇನ್ನೊಬ್ಬನಿಂದ ಮಾಡಿಸಿದುದು, ಮಾಡಿದವನನ್ನು ಒಪ್ಪಿದುದು, ಈ ಮೂರರಲ್ಲಿ ನಡುವಣದೇ ಇಂದಿನ ನಗರವಾಸಿ ಶ್ರಾವಕನು ಅತ್ಯಂತ ಸುಲಭವಾಗಿ ಮರೆತಿರುವುದು. ರಸೀದಿ ಕೈಗೆ ಬಂದರೆ ಪಾಪ ಕೈಬಿಟ್ಟಿತೆಂದು ಅವನ ಎಣಿಕೆ. ವಿಷವನ್ನು ಕೊಡುವುದು, ಶಸ್ತ್ರವನ್ನು ಎರವಲು ಕೊಡುವುದು ಹಿಂಸಾದಾನ, ಅಲಕ್ಷ್ಯದಿಂದ ನಡೆಯುವುದು ಪ್ರಮಾದಚರ್ಯೆ, ಎರಡೂ ಅನರ್ಥದಂಡಗಳು. ವಿಷದ ವ್ಯಾಪಾರವನ್ನೇ ವರ್ಜ್ಯವೆಂದ ಪರಂಪರೆಯವರು ವಿಷದ ಗಿರಾಕಿಗಳಾಗುವಾಗ ಯಾವ ಸಂಕೋಚವನ್ನೂ ತೋರದಿರುವುದು ಹೇಗೆ? ಚಿಗಟವು ತ್ರಸಜೀವಿ. ಇರುವೆ, ಹೇನು, ತಿಗಣೆಗಳ ಸಾಲಿನಲ್ಲಿ ನಿಲ್ಲುವಂತಹುದು. ಅಣುವ್ರತಿಯಾದ ಗೃಹಸ್ಥನಿಗೂ ಸಂಕಲ್ಪಪೂರ್ವಕ ತ್ರಸಹಿಂಸೆಗೆ ಅನುಮತಿಯಿಲ್ಲ. ದಿನ ಗೊತ್ತುಮಾಡಿ, ದರ ಗೊತ್ತುಮಾಡಿ, ಮುಂಗಡ ಕೊಟ್ಟು ಮಾಡಿಸುವ ಕೆಲಸಕ್ಕೆ ಸಂಕಲ್ಪವೆನ್ನದೆ ಬೇರೇನೆನ್ನಬೇಕು?

ಆ ಡಬ್ಬಿ ಹೊತ್ತು ಬಂದವನ ವಿಷಯವೂ ಇದೆ. ಮುಖಕ್ಕೊಂದು ಕರವಸ್ತ್ರ ಸುತ್ತಿಕೊಂಡು ದಿನಕ್ಕೆ ನಾಲ್ಕು ಮನೆ ಸುತ್ತುವ ಆತನ ಶ್ವಾಸಕೋಶ ಯಾರ ಲೆಕ್ಕಕ್ಕೂ ಬರುವುದಿಲ್ಲ. 1689ರಲ್ಲಿ ಸೂರತ್ತಿಗೆ ಹೊರಟ ಜಾನ್ ಓವಿಂಗ್ಟನ್ ಎಂಬ ಆಂಗ್ಲ ಪಾದ್ರಿಯು 1696ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಅಲ್ಲಿಯ ಬನಿಯಾ ಸಮಾಜದವರು ಹಸು, ಕುದುರೆ, ಆಡುಗಳಿಗೆ ಆಸ್ಪತ್ರೆ ಇಟ್ಟಿದ್ದಂತೆಯೇ ತಿಗಣೆ, ಚಿಗಟಗಳ ಪೋಷಣೆಗೂ ಒಂದು ಸ್ಥಳವನ್ನು ಇಟ್ಟಿದ್ದರೆಂದೂ, ಅವುಗಳಿಗೆ ರಕ್ತ ದೊರೆಯಲೆಂದು ಬಡವನೊಬ್ಬನನ್ನು ಕೂಲಿಗೆ ಕರೆತಂದು ಆ ಮಂಚದ ಮೇಲೆ ರಾತ್ರಿಯಿಡೀ ಮಲಗಿಸುತ್ತಿದ್ದರೆಂದೂ ಅವನ ಹೇಳಿಕೆ. ಪರದೇಶದ ಪಾದ್ರಿಯು ಕಂಡದ್ದೆಷ್ಟು, ಕೇಳಿ ಬರೆದದ್ದೆಷ್ಟು ಎಂಬ ಪ್ರಶ್ನೆ ಹಾಗಿರಲಿ. ಜೈನರನ್ನು ಗೇಲಿ ಮಾಡಬಯಸುವವರು ಮೂರು ಶತಮಾನಗಳಿಂದ ಈ ಕತೆಯನ್ನು ಹೇಳುತ್ತಿದ್ದಾರೆ. ಜೈನರು ಕೇಳಿ ಮುಖ ತಿರುಗಿಸುತ್ತಿದ್ದಾರೆ. ಮುಖ ತಿರುಗಿಸುವ ಬದಲು ಅದನ್ನು ಇಂದಿನ ಕನ್ನಡಿಯಲ್ಲಿ ನೋಡಬೇಕು. ಕತೆ ನಿಜವಾಗಿದ್ದರೆ, ಅಂದಿನ ಸಿರಿವಂತ ಬಡವನ ರಕ್ತವನ್ನು ಕೂಲಿಗೆ ಕೊಂಡು ಪುಣ್ಯ ಗಳಿಸಿದ. ಇಂದಿನವ ಬಡವನ ಉಸಿರನ್ನು ಕೂಲಿಗೆ ಕೊಂಡು ನೆಮ್ಮದಿ ಗಳಿಸುತ್ತಾನೆ. ಒಬ್ಬ ಚಿಗಟವನ್ನು ಬದುಕಿಸಿದ, ಇನ್ನೊಬ್ಬ ಕೊಲ್ಲಿಸಿದ. ತನ್ನ ಧರ್ಮಕ್ಕೆ ಪರರ ದೇಹವನ್ನು ಬಾಡಿಗೆಗೆ ಹಿಡಿಯುವುದರಲ್ಲಿ ಇಬ್ಬರಿಗೂ ಭೇದವಿಲ್ಲ.

ಈ ಸಂಕಟವೆಲ್ಲ ಅನಿವಾರ್ಯವಾಗಿದ್ದರೆ ಮಾತು ಬೇರೆ. ಆದರೆ ಚಿಗಟದ ಬಾಳಿನ ಕ್ರಮವನ್ನು ಬಲ್ಲವರಿಗೆ ಅದು ಅನಿವಾರ್ಯವಲ್ಲವೆಂಬುದು ತಿಳಿಯುತ್ತದೆ. ಮನೆಗಳಿಗೆ ಬರುವುದು ಬಹುತೇಕ ಬೆಕ್ಕಿನ ಚಿಗಟವೆಂದು ಹೆಸರಾದ ಜಾತಿ. ನಾಯಿಗಳ ಮೇಲೂ ಸಾಮಾನ್ಯವಾಗಿ ಕಾಣುವುದು ಅದೇ. ಮೊದಲ ಬಾರಿ ರಕ್ತ ಕುಡಿದ ಹೆಣ್ಣು ಒಂದೆರಡು ದಿನಗಳಲ್ಲಿಯೇ ಮೊಟ್ಟೆಯಿಡತೊಡಗುತ್ತದೆ. ದಿನಕ್ಕೆ 40ರಿಂದ 50ರವರೆಗೂ ಇಡಬಲ್ಲುದು. ಮೊಟ್ಟೆ ಪ್ರಾಣಿಯ ಮೈಗೆ ಅಂಟಿಕೊಂಡಿರುವುದಿಲ್ಲ. ಅದು ಎಲ್ಲಿ ಮಲಗುತ್ತದೆಯೋ ಅಲ್ಲಿ ಉದುರುತ್ತದೆ: ಗೋಣಿಯ ನೂಲಿನ ನಡುವೆ, ನೆಲದ ಬಿರುಕಿನಲ್ಲಿ, ಜಮಖಾನೆಯ ಮಡಿಕೆಯಲ್ಲಿ. ಹೊರಬಂದ ಮರಿಹುಳು ಬೆಳಕಿಗೆ ಹೆದರಿ ಧೂಳಿನೊಳಗೆ ಸೇರಿ, ದೊಡ್ಡ ಚಿಗಟಗಳು ವಿಸರ್ಜಿಸಿದ ಒಣರಕ್ತವನ್ನು ತಿಂದು ಬೆಳೆಯುತ್ತದೆ. ಬಳಿಕ ಗೂಡು ನೇಯ್ದುಕೊಂಡು ಕೋಶವಾಗುತ್ತದೆ. ಹವೆ ಬೆಚ್ಚಗಿದ್ದು ತೇವವಿದ್ದರೆ ಈ ಸುತ್ತು ಸುಮಾರು ಮೂರು ವಾರಗಳಲ್ಲಿ ಮುಗಿಯುತ್ತದೆ. ಕೋಶದೊಳಗಿನ ಜೀವಿಗೆ ಮಾತ್ರ ಅವಸರವಿಲ್ಲ. ಹೆಜ್ಜೆಯ ಅದುರು, ಮೈಯ ಶಾಖ, ಉಸಿರಿನ ಗಾಳಿ ತಾಗುವವರೆಗೆ ಅದು ತಿಂಗಳುಗಟ್ಟಲೆ ಕಾಯಬಲ್ಲುದು. ಬೇಸಿಗೆ ರಜೆಯಲ್ಲಿ ಬೀಗ ಹಾಕಿದ್ದ ಮನೆಗೆ ಮರಳಿ ಬಾಗಿಲು ತೆರೆದ ಕೂಡಲೇ ಚಿಗಟಗಳು ಮುತ್ತಿಕೊಳ್ಳುವುದೇಕೆಂಬುದಕ್ಕೆ ಉತ್ತರ ಇಲ್ಲಿದೆ.

ಕಣ್ಣಿಗೆ ಕಾಣುವ ಚಿಗಟಗಳು ಇಡೀ ಸಂತತಿಯ ಸಣ್ಣ ಅಂಶ ಮಾತ್ರ. ಉಳಿದುದೆಲ್ಲ ಮೊಟ್ಟೆ, ಮರಿಹುಳು, ಕೋಶಗಳ ರೂಪದಲ್ಲಿ ನೆಲದಲ್ಲಿದೆ. ಮೊದಲ ವಾರದಲ್ಲಿ ಕಡೆಗಣಿಸಿದ ಒಂದು ಗೋಣಿಚೀಲವು ಮೂರನೆಯ ವಾರದಲ್ಲಿ ನೂರಾರು ಜೀವಗಳ ವಧೆಗೆ ಕಾರಣವಾಗುತ್ತದೆ. ಅಷ್ಟು ಜೀವಗಳಿಗೆ ಜನ್ಮಸ್ಥಾನವನ್ನು ಒದಗಿಸಿದವನು ಗೃಹಸ್ಥನೇ, ಅವನ್ನು ಕೊಲ್ಲಿಸುವವನೂ ಅವನೇ. ವಿಕಲೇಂದ್ರಿಯಗಳು ಸಮ್ಮೂರ್ಛನ ಜನ್ಮದವೆಂದು ಆಗಮ ಹೇಳುತ್ತದೆ, ಮೊಟ್ಟೆಯಿಂದ ಬಂದವೆಂದು ಇಂದಿನ ಪ್ರಾಣಿಶಾಸ್ತ್ರ ಹೇಳುತ್ತದೆ. ಈ ಭೇದವನ್ನು ಹಿಡಿದು ವಾದಿಸುವ ವಿದ್ವಾಂಸರು ವಾದಿಸಲಿ. ಆಚಾರಕ್ಕೆ ಸಂಬಂಧಿಸಿದಂತೆ ಎರಡರಿಂದಲೂ ಹೊರಡುವ ನಿರ್ಣಯ ಒಂದೇ. ಜನ್ಮಕ್ಕೆ ಯೋಗ್ಯವಾದ ಸ್ಥಳವನ್ನು ಮನೆಯೊಳಗೆ ಸಿದ್ಧಗೊಳಿಸಿ ಇಡಬಾರದು.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕುಳಿತು ಇದನ್ನು ಮರೆಯುವುದು ಮತ್ತಷ್ಟು ಆಶ್ಚರ್ಯಕರ. ಆ ಬಡಾವಣೆಗಳ ಬೆಳವಣಿಗೆಯ ಹಿಂದೆ ಚಿಗಟವಿದೆ. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಾಗ ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ, ಬೆಳಕಿಲ್ಲದ ಮನೆಗಳಲ್ಲಿ, ಧಾನ್ಯದ ಮಳಿಗೆಗಳ ಅಕ್ಕಪಕ್ಕದಲ್ಲಿ ಜನರು ಸಾಯತೊಡಗಿದರು. ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಮೊದಲೇ ರೂಪುಗೊಂಡಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆಗೆ ವೇಗ ಬಂದುದು ಈ ಭೀತಿಯಿಂದ. ಅಗಲವಾದ ನೇರ ರಸ್ತೆಗಳು, ಮನೆಮನೆಗೂ ನಡುವೆ ಗಾಳಿಬೆಳಕಿಗೆ ಜಾಗ, ಹಿತ್ತಿಲಿನ ಹಿಂದೆ ಕಸ ಸಾಗಿಸಲು ಪ್ರತ್ಯೇಕ ಓಣಿ, ಇವೆಲ್ಲ ಸೌಂದರ್ಯಕ್ಕಾಗಿ ಮಾತ್ರ ಆದುವಲ್ಲ. ಊರಿನ ಅಲ್ಲಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಪ್ಲೇಗಿನ ಅಮ್ಮನ ಗುಡಿಗಳು ಅದೇ ಕಾಲದ ಭಯದ ನೆನಪುಗಳು.

ಆಗ ರೋಗ ಹರಡುವ ಬಗೆ ಜನರಿಗೆ ತಿಳಿದಿರಲಿಲ್ಲ. ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಗುರುತಿಸಿದ್ದನಾದರೂ ಅದು ದೇಹದಿಂದ ದೇಹಕ್ಕೆ ದಾಟುವ ದಾರಿ ನಿಗೂಢವಾಗಿತ್ತು. ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡ ಅದೇ 1898ರ ಜೂನ್ ತಿಂಗಳಿನಲ್ಲಿ, ಕರಾಚಿಯಲ್ಲಿ, ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯನು ರೋಗದ ಇಲಿಯೊಂದನ್ನೂ ಆರೋಗ್ಯದ ಇಲಿಯೊಂದನ್ನೂ ಗಾಜಿನ ಪಾತ್ರೆಯಲ್ಲಿ ಪರಸ್ಪರ ತಾಗದಂತೆ ಜಾಲರಿಯ ಅಡ್ಡದಲ್ಲಿಟ್ಟು, ಚಿಗಟಗಳು ಮಾತ್ರ ಅತ್ತಿಂದಿತ್ತ ಹಾರುವಂತೆ ಮಾಡಿ, ಎರಡನೆಯ ಇಲಿಗೂ ರೋಗ ತಗಲುವುದನ್ನು ಕಂಡನು. ಈ ಜ್ಞಾನವೂ ಇಲಿಗಳ ಪ್ರಾಣದ ಬೆಲೆಗೇ ದೊರೆಯಿತೆಂಬುದನ್ನು ಅಹಿಂಸಾವಾದಿಗಳು ಮರೆಮಾಚಬೇಕಾಗಿಲ್ಲ. ವಿದ್ವಜ್ಜನ ಅವನ ಮಾತನ್ನು ಹಲವು ವರ್ಷ ನಂಬಲಿಲ್ಲ; ಮುಂಬಯಿಯಲ್ಲಿ 1905ರಿಂದ ಮುಂದೆ ನಡೆದ ಪರಿಶೋಧನೆಗಳು ಅದನ್ನು ಸ್ಥಿರಪಡಿಸಿದವು.

ಆ ಪರಿಶೋಧನೆಗಳಿಂದ ಹೊರಬಂದ ಒಂದು ಸತ್ಯವನ್ನು ಇಲಿಪಾಷಾಣದ ಪೊಟ್ಟಣ ಕೊಳ್ಳುವ ಪ್ರತಿಯೊಬ್ಬನೂ ತಿಳಿದಿರಬೇಕು. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟವು ಆ ಮೈಯನ್ನು ತೊರೆದು ಬೇರೊಂದು ಬಿಸಿ ಮೈಯನ್ನು ಅರಸುತ್ತದೆ. ಹತ್ತಿರದಲ್ಲಿ ಬೇರೆ ಇಲಿ ಇಲ್ಲದಿದ್ದರೆ ಅದು ಮನುಷ್ಯನ ಮೈ. ಆದ್ದರಿಂದಲೇ ಪ್ಲೇಗಿನ ಸಂದರ್ಭದಲ್ಲಿ ಚಿಗಟದ ವ್ಯವಸ್ಥೆ ಮಾಡದೆ ಇಲಿಗಳನ್ನು ಕೊಲ್ಲಬಾರದೆಂದು ಆರೋಗ್ಯಶಾಸ್ತ್ರಜ್ಞರು ಎಚ್ಚರಿಸುತ್ತಾರೆ. ಇಂದು ಬೆಂಗಳೂರಿನ ಮನೆಗಳಲ್ಲಿ ಪ್ಲೇಗಿನ ಭಯವಿಲ್ಲವೆಂಬುದು ನಿಜ. ಆದರೆ ಅಟ್ಟದಲ್ಲಿ ವಿಷ ತಿಂದ ಇಲಿ ಸತ್ತ ಮನೆಯಲ್ಲಿ ಚಿಗಟ ಕೆಳಗಿಳಿದು ಬರುವ ಕ್ರಮ 1898ರಲ್ಲಿ ಇದ್ದಂತೆಯೇ ಇಂದಿಗೂ ಇದೆ. ಕೊಲೆಯಿಂದ ನೆಮ್ಮದಿ ಬರುತ್ತದೆಂಬ ಲೆಕ್ಕ ಇಲ್ಲಿ ಲೌಕಿಕವಾಗಿಯೂ ತಪ್ಪುತ್ತದೆ.

1993ರ ಸೆಪ್ಟೆಂಬರಿನಲ್ಲಿ ಲಾತೂರಿನ ಭೂಕಂಪವಾಯಿತು. ನೆರೆಯ ಬೀಡ್ ಜಿಲ್ಲೆಯ ಹಳ್ಳಿಗಳಲ್ಲಿಯೂ ಜನರು ಹೆದರಿ ಮನೆಯೊಳಗೆ ಮಲಗುವುದನ್ನು ಬಿಟ್ಟರು. ಸುಗ್ಗಿಯ ಧಾನ್ಯ ಮಾತ್ರ ಮನೆಗಳಲ್ಲಿಯೇ ಉಳಿಯಿತು. ಕಾಯುವವರಿಲ್ಲದ ಧಾನ್ಯದ ಮೇಲೆ ಇಲಿಗಳು ಬೆಳೆದವು, ಇಲಿಗಳ ಮೇಲೆ ಚಿಗಟಗಳು. 1994ರಲ್ಲಿ ಅಲ್ಲಿ ಪ್ಲೇಗು ಕಾಣಿಸಿಕೊಂಡಿತು, ಅದೇ ವರ್ಷ ಸೂರತ್ತಿನಿಂದ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಬೀಡಿನ ರೈತನಿಗೆ ಭೂಕಂಪದ ನೆಪವಾದರೂ ಇತ್ತು. ನಗರದ ಬಸದಿಯ ಉಗ್ರಾಣದಲ್ಲಿ ವಾರಗಟ್ಟಲೆ ಬಿದ್ದಿರುವ ಅಕ್ಕಿಗೆ ಯಾವ ನೆಪವಿದೆ?

ಬಸದಿಗಳ, ಮಂದಿರಗಳ ಆಡಳಿತ ಮಂಡಳಿಗಳು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕು. ಅಷ್ಟದ್ರವ್ಯದ ಪೂಜೆಯಲ್ಲಿ ದಿನವೂ ಅರ್ಪಿತವಾಗುವ ಅಕ್ಷತೆ, ಕೊಬ್ಬರಿ, ಬಾದಾಮಿ, ಲವಂಗಗಳು ನಿರ್ಮಾಲ್ಯವಾಗುತ್ತವೆ. ನಿರ್ಮಾಲ್ಯವನ್ನು ಶ್ರಾವಕರು ಉಪಯೋಗಿಸುವಂತಿಲ್ಲ; ಅದು ಬಸದಿಯ ಪರಿಚಾರಕರಿಗೆ ಸಲ್ಲುತ್ತದೆ. ಸರಿಯಾದ ಪದ್ಧತಿಯೇ. ಆದರೆ ಪರಿಚಾರಕನು ಅದನ್ನು ತಿಂಗಳಿಗೊಮ್ಮೆ ಒಯ್ಯುವುದಾದರೆ ಅಲ್ಲಿಯವರೆಗೆ ಅದು ಪ್ರಾಕಾರದ ಮೂಲೆಯಲ್ಲಿ ಬಾಯಿ ಬಿಗಿಯದ ಚೀಲದಲ್ಲಿ ಬಿದ್ದಿರುತ್ತದೆ. ಇಲಿಗಳಿಗೆ ಅದಕ್ಕಿಂತ ದೊಡ್ಡ ಆಹ್ವಾನ ಬೇಡ. ಗರ್ಭಗುಡಿಯ ಮುಂದಣ ಮಣೆಗಳಿಂದ ಉದುರಿದ ಅಕ್ಕಿಕಾಳು ಸಂಜೆಯವರೆಗೂ ಹಾಸುಗಲ್ಲುಗಳ ಸಂದಿನಲ್ಲಿಯೇ ಇರುತ್ತದೆ. ಇಲಿಯ ಹಿಂದೆ ಬೆಕ್ಕು ಬರುತ್ತದೆ, ಉಗ್ರಾಣದ ಹಳೆಯ ಪರದೆಗಳ ಮೇಲೆ ಮರಿ ಹಾಕುತ್ತದೆ. ಶಾಸ್ತ್ರಭಂಡಾರದ ಹೊತ್ತಗೆಗಳನ್ನು ಇಲಿ ಕಡಿಯುವುದು ಇದರ ಇನ್ನೊಂದು ಫಲ. ಇಷ್ಟೆಲ್ಲ ಆದ ಮೇಲೆ ಚಾತುರ್ಮಾಸ್ಯಕ್ಕೆ ಮುನಿಸಂಘ ಬರುವುದೆಂಬ ಸುದ್ದಿ ಬಂದಾಗ, ತ್ಯಾಗಿನಿವಾಸವನ್ನು ಶುಚಿಗೊಳಿಸುವ ಚರ್ಚೆಯಲ್ಲಿ ಯಾರೋ ಒಬ್ಬರು ಔಷಧ ಹೊಡೆಸೋಣವೆನ್ನುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯೇ ಅನುಮೋದನೆ. ಹೆಜ್ಜೆಹೆಜ್ಜೆಗೂ ಪಿಂಛಿಯಿಂದ ನೆಲವನ್ನು ಪರಿಮಾರ್ಜಿಸಿ ಕುಳಿತುಕೊಳ್ಳುವ ಸಾಧುವಿಗಾಗಿ, ಅವರು ಬರುವ ಮುನ್ನಾದಿನ, ಆ ನೆಲದ ಜೀವರಾಶಿಯನ್ನೆಲ್ಲ ನಾಶಮಾಡಿಸುವುದು ಎಂತಹ ವೈಯಾವೃತ್ತ್ಯ? ಸಾಧುಗಳಿಗೆ ಇದು ತಿಳಿದರೆ ಆ ನಿವಾಸದಲ್ಲಿ ಕಾಲಿಡುವರೇ?

ಪಾರಿವಾಳಗಳಿಗೆ ಕಾಳು ಚೆಲ್ಲುವ ಪದ್ಧತಿಯನ್ನು ಕುರಿತು ಮಾತೆತ್ತಿದರೆ ಹಲವರಿಗೆ ಕೋಪ ಬರುತ್ತದೆ. ಬರಲಿ. ಹಕ್ಕಿಗಳು ಹಗಲು ತಿಂದು ಬಿಟ್ಟ ಕಾಳನ್ನು ರಾತ್ರಿ ಇಲಿಗಳು ತಿನ್ನುತ್ತವೆ. ಹಾಕುವಷ್ಟೇ ಹಾಕಿ, ಉಳಿದುದನ್ನು ಸಂಜೆಗೆ ಮುಂಚೆ ಗುಡಿಸಿ ತೆಗೆಯುವವರು ಜೀವದಯೆ ಮಾಡುತ್ತಿದ್ದಾರೆ. ಮೂಟೆ ಸುರಿದು ಹೊರಟುಹೋಗುವವರು ತಮ್ಮ ಪುಣ್ಯದ ಖಾತೆಯನ್ನು ಮಾತ್ರ ನೋಡುತ್ತಿದ್ದಾರೆ. ಬಾಗಿಲಿಗೆ ಬರುವ ನಾಯಿಗೆ ರೊಟ್ಟಿ ಹಾಕುವುದೂ ಹಾಗೆಯೇ. ನಾಯಿಯನ್ನು ಅಟ್ಟಬೇಕೆಂದು ಇಲ್ಲಿ ಹೇಳುತ್ತಿಲ್ಲ, ಅಟ್ಟುವುದು ಹಿಂಸೆಯೇ. ಆದರೆ ಅದಕ್ಕೆ ಅನ್ನವಿಡುವ ಸ್ಥಳ, ಅದು ಮಲಗುವ ಸ್ಥಳ ಹೊಸ್ತಿಲಿನಿಂದ ದೂರದಲ್ಲಿ, ನೆರಳಿದ್ದು ನೆಲ ಒಣಗಿರುವೆಡೆಯಲ್ಲಿ ಇರಲಿ. ಹಾಸಿದ ಗೋಣಿಯನ್ನು ವಾರಕ್ಕೊಮ್ಮೆ ಬದಲಿಸುವ ಹೊಣೆ ಅನ್ನ ಹಾಕಿದವನದು. ಅನ್ನ ಹಾಕಿ ಹೊಣೆ ಬಿಡುವ ದಯೆಗೆ ಚಿಗಟವು ಮೂರು ವಾರಗಳಲ್ಲಿ ಲೆಕ್ಕ ಒಪ್ಪಿಸುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ಕೆಲವುಂಟು. ಗೃಹಸ್ಥನಿಗೆ ವಿರೋಧೀ ಹಿಂಸೆಗೆ ಅವಕಾಶವಿದೆ, ಕಚ್ಚಲು ಬಂದ ಚಿಗಟ ಶತ್ರುವೇ ಅಲ್ಲವೇ ಎಂಬುದು ಮೊದಲನೆಯದು. ಊರಿನ ಮೇಲೆ ಏರಿ ಬಂದ ವೈರಿಯನ್ನು ಎದುರಿಸುವವನ ಕಷ್ಟಕ್ಕೆ ಶಾಸ್ತ್ರ ಕೊಟ್ಟ ರಿಯಾಯಿತಿಯನ್ನು ಕಸ ಗುಡಿಸದ ಮನೆಯ ಯಜಮಾನ ತನ್ನದೆಂದು ಹೇಳಿಕೊಳ್ಳುವುದು ನಾಚಿಕೆಗೇಡು. ವೈರಿಗೆ ಕೋಟೆಯ ಬಾಗಿಲು ತೆರೆದು, ಹಾಸಿಗೆ ಹಾಸಿ, ಬಳಿಕ ಆತ್ಮರಕ್ಷಣೆಯ ಮಾತಾಡಲಾಗದು.

ವಿಷ ಬೇಡವಾದರೆ ಪ್ರಕೃತಿದತ್ತ ವಸ್ತುಗಳನ್ನು ಬಳಸೋಣ, ಉಪ್ಪು ಹರಡೋಣ, ಬೇವಿನೆಣ್ಣೆ ಸಿಂಪಡಿಸೋಣ, ಅದರಲ್ಲಿ ಹಿಂಸೆಯಿಲ್ಲ ಎಂಬುದು ಎರಡನೆಯದು; ಇದು ಬಹಳ ಜನಪ್ರಿಯ. ಉಪ್ಪಿನ ಪುಡಿ ಕೆಲಸ ಮಾಡುವುದಾದರೆ ಅದು ಮರಿಹುಳುವಿನ ಮೈಯ ತೇವವನ್ನು ಹೀರಿ, ಒಣಗಿಸಿ ಕೊಲ್ಲುವುದರಿಂದ. ಬೇವು ಕೆಲಸ ಮಾಡುವುದಾದರೆ ಅದೂ ಕೀಟಕ್ಕೆ ವಿಷವಾಗಿರುವುದರಿಂದ. ಅಡಿಗೆಮನೆಯ ಡಬ್ಬಿಯಿಂದ ಬಂದ ಮಾತ್ರಕ್ಕೆ ಸಾವು ಸಾತ್ತ್ವಿಕವಾಗುವುದಿಲ್ಲ. ಕಾರ್ಖಾನೆಯ ವಿಷವು ಕೇಡಿನಲ್ಲಿ ಒಂದು ಹೆಜ್ಜೆ ಮುಂದಿದೆಯೆಂಬುದು ಬೇರೆ ಮಾತು. ನಾಯಿಗಳ ಚಿಗಟಕ್ಕೆಂದು ಮಾರುವ ಪರ್ಮೆಥ್ರಿನ್ ಬೆಕ್ಕಿನ ಮೈ ಸೋಕಿದರೆ ಬೆಕ್ಕೇ ಸಾಯಬಹುದು, ಮೀನಿನ ತೊಟ್ಟಿಗೆ ಬಿದ್ದರೆ ಮೀನುಗಳು ಉಳಿಯುವುದಿಲ್ಲ.

ಮೂರನೆಯವರು ಮೌನಿಗಳು. ಕಚ್ಚಿದರೆ ಕಚ್ಚಲಿ, ಪೂರ್ವಕರ್ಮದ ಫಲ, ಪರೀಷಹವೆಂದು ಸಹಿಸೋಣ ಎನ್ನುವವರು. ದಂಶಮಶಕ ಪರೀಷಹವನ್ನು ಗೆಲ್ಲುವುದು ಮುನಿಧರ್ಮ, ಅದು ವಂದನೀಯ. ಆದರೆ ಅಜ್ಜನ ಸಹನೆಯ ವೆಚ್ಚವನ್ನು ತೊಟ್ಟಿಲಿನ ಕೂಸು ಭರಿಸಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಈ ಸಹನೆ ಕೊನೆಗೆ ಬಾಡಿಗೆದಾರನೋ ಮಗನೋ ಸೊಸೆಯೋ ಗುಟ್ಟಾಗಿ ವಿಷ ಹೊಡೆಸುವುದರಲ್ಲಿ ಮುಗಿಯುತ್ತದೆ. ಆ ವೇಳೆಗೆ ಹತ್ತು ಜೀವವಿದ್ದಲ್ಲಿ ಸಾವಿರವಾಗಿರುತ್ತದೆ.

ಗುಡಿಸಿದರೂ ಒಗೆದರೂ ಜೀವಹಾನಿ ತಪ್ಪದೆಂಬ ಮಾತು ಉಳಿಯುತ್ತದೆ. ಅದು ಸತ್ಯ. ಗೃಹಸ್ಥನ ಆರಂಭೀ ಹಿಂಸೆ ಸೊನ್ನೆಯಾಗದು. ಆದರೆ ನಿತ್ಯವೂ ಹುಲ್ಲಿನ ಮೆದು ಪೊರಕೆಯಿಂದ ಗುಡಿಸಿ, ಧೂಳನ್ನು ಒಲೆಗೋ ಚರಂಡಿಗೋ ಹಾಕದೆ ಹಿತ್ತಿಲಿನ ನೆರಳಿನಲ್ಲಿ, ತುಳಿತಕ್ಕೆ ಸಿಗದ ಕಡೆಯಲ್ಲಿ ಮೆಲ್ಲನೆ ಸುರಿಯುವವನಿಗೂ, ತಿಂಗಳುಗಟ್ಟಲೆ ಬಿಟ್ಟು ಒಂದೇ ದಿನ ಸರ್ವನಾಶ ಮಾಡಿಸುವವನಿಗೂ ಅಂತರವಿಲ್ಲವೆಂದರೆ ಯತ್ನಾಚಾರವೆಂಬ ಪದಕ್ಕೇ ಅರ್ಥವಿಲ್ಲ. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು, ತ್ಯಾಜ್ಯವನ್ನು ನಿರ್ಜಂತುಕ ಸ್ಥಳದಲ್ಲಿ ಬಿಡುವುದು ಸಮಿತಿಗಳಲ್ಲಿ ಸೇರಿವೆ. ಮುನಿಗಳಿಗೆ ಹೇಳಿದ ಸಮಿತಿಗಳ ನೆರಳಾದರೂ ಶ್ರಾವಕನ ಮನೆಯ ಮೇಲೆ ಬೀಳಬೇಕಷ್ಟೆ.

ಆದ್ದರಿಂದ ಹಿಟ್ಟಿಗಿರುವ ಮರ್ಯಾದೆಯನ್ನು ಹಾಸಿಗೆಗೂ ವಿಸ್ತರಿಸಬೇಕು. ಚಿಗಟದ ಮೊಟ್ಟೆ ಕೆಲವೇ ದಿನಗಳಲ್ಲಿ ಒಡೆಯುತ್ತದೆ. ಆದ ಕಾರಣ ಚಾಪೆ, ಜಮಖಾನೆ, ಕಾಲೊರಸುವ ಗೋಣಿಗಳಿಗೆ ಮಳೆಗಾಲದಲ್ಲಿ ಮೂರು ದಿನ, ಉಳಿದ ಕಾಲದಲ್ಲಿ ವಾರ ಎಂಬ ಅವಧಿ ಹಿಟ್ಟಿನ ಅವಧಿಗೆ ಆಶ್ಚರ್ಯಕರವಾಗಿ ಹೊಂದುತ್ತದೆ. ಅಷ್ಟರೊಳಗೆ ಅವನ್ನು ಹೊರಗೆ ಕೊಡವಿ ಗಾಳಿಗೆ ಹಾಕುವ ಪದ್ಧತಿ ಹಿಂದಿನ ಮನೆಗಳಲ್ಲಿ ಇತ್ತು; ಚಪ್ಪಲಿ ಹೊರಗೆ ಬಿಡುವುದು, ಕಾಲು ತೊಳೆದು ಒಳಬರುವುದು ಅದರ ಜೊತೆಗೇ ಇತ್ತು. ಇಂದು ಚಪ್ಪಲಿ ಮಾತ್ರ ಹೊರಗುಳಿದಿದೆ. ನೆಲದ ಬಿರುಕುಗಳಿಗೆ ಸಿಮೆಂಟು ತುಂಬಿದರೆ ಮೊಟ್ಟೆಗೆ ಅಡಗುದಾಣವಿಲ್ಲ. ಇಲಿಮರಿ ನುಸುಳಲು ಅರ್ಧ ಅಂಗುಲದ ಸಂದು ಸಾಕು. ಅಟ್ಟದ ಗವಾಕ್ಷಿಗೆ, ಸ್ನಾನದ ಮನೆಯ ನೀರು ಹೋಗುವ ಬಾಯಿಗೆ ಕಾಲಂಗುಲ ಕಣ್ಣಿನ ಕಬ್ಬಿಣದ ಜಾಲರಿ ಹಾಕಿಸಬೇಕು. ಹಿತ್ತಿಲ ಹಿಂದಿನ ಓಣಿಗಳನ್ನು ಮನೆಯವರೇ ಹಳೆಯ ಸಾಮಾನು ತುಂಬಲು ಬಳಸುತ್ತಿರುವುದು 1898ರ ಪಾಠವನ್ನು ಹಿಂದುಮುಂದಾಗಿ ಓದಿದಂತೆ.

ಬಿಲ ಮುಚ್ಚುವಲ್ಲಿಯೂ ಎಚ್ಚರ ಬೇಕು. ಒಳಗೆ ಮರಿಗಳಿರುವಾಗ ಬಾಯಿ ಮುಚ್ಚಿದರೆ ಅವು ಹಸಿದು ಸಾಯುತ್ತವೆ. ವಿಷಕ್ಕಿಂತ ಅದು ಕ್ರೂರ. ಬೋನಿನಲ್ಲಿ ಹಿಡಿದು ದೂರ ಬಿಟ್ಟು, ಬಿಲ ಬರಿದಾಗಿದೆಯೆಂದು ಖಚಿತವಾದ ಮೇಲೆ ಮುಚ್ಚಬೇಕು. ಅಟ್ಟದ ಬೆಕ್ಕು ಮರಿಗಳು ನಡೆಯುವವರೆಗೆ ಅಲ್ಲಿಯೇ ಇರಲಿ, ಆ ನಂತರ ದಾರಿ ಕಟ್ಟಬಹುದು. ಅದು ಬಿಟ್ಟುಹೋದ ಹಾಸನ್ನು ಮಾತ್ರ ಅಂದೇ ಸುತ್ತಿ ಹೊರಗೊಯ್ಯಬೇಕು. ಇಲ್ಲದಿದ್ದರೆ ಅಲ್ಲಿ ಕಾದಿರುವ ಜೀವಿಗಳು ಕೆಳಗಿನ ಕೋಣೆಗೆ ಇಳಿಯುತ್ತವೆ.

ಇಷ್ಟಾದರೂ ಚಿಗಟ ಬಂದರೆ? ಸಾಕಿದ ನಾಯಿ ಕೆರೆದು ಕೆರೆದು ಮೈ ಹುಣ್ಣಾಗಿದ್ದರೆ, ಎಳೆಮಗುವಿನ ಚರ್ಮ ಊದಿಕೊಂಡಿದ್ದರೆ, ಪಶುವೈದ್ಯನ ಮದ್ದನ್ನು ನಿರಾಕರಿಸುವುದೂ ಹಿಂಸೆಯೇ. ಆಗ ಬಳಸಬೇಕಾದಷ್ಟೇ ಬಳಸಿ, ಅದನ್ನು ಹಿಂಸೆಯೆಂದೇ ಒಪ್ಪಿ, ಪ್ರತಿಕ್ರಮಣದಲ್ಲಿ ಅದರ ಹೆಸರು ಹೇಳಬೇಕು. ಶುಚಿತ್ವವೆಂಬ ಸುಂದರ ಪದದ ಕೆಳಗೆ ಅದನ್ನು ಅಡಗಿಸಬಾರದು. ನಾಯಿ ಬೆಕ್ಕುಗಳನ್ನು ಮನೆಗೆ ತರುವ ಮುನ್ನವೇ ಈ ಪ್ರಸಂಗ ಬರಬಹುದೆಂದು ಯೋಚಿಸಿ ನಿರ್ಧರಿಸುವುದು ಮೇಲು; ಮಗುವಿನ ಹುಟ್ಟುಹಬ್ಬಕ್ಕೆ ಜೀವವೊಂದನ್ನು ಅಂಗಡಿಯಿಂದ ಕೊಂಡು ತರುವವರು ಇದನ್ನು ಯೋಚಿಸಿರುವುದಿಲ್ಲ.

ಮಂಡಳಿಗಳಿಗೆ ಉಳಿದಿರುವ ಕೆಲಸ ದೊಡ್ಡದಲ್ಲ. ನಿರ್ಮಾಲ್ಯದ್ರವ್ಯ ಆಯಾ ದಿನವೇ ಬಸದಿಯಿಂದ ಹೊರಹೋಗುವಂತೆ ಪರಿಚಾರಕರೊಡನೆ ಗೊತ್ತುಮಾಡುವುದು, ಅದುವರೆಗೆ ಮುಚ್ಚಳವಿರುವ ಡಬ್ಬಿಯಲ್ಲಿ ಇಡುವುದು. ಉಗ್ರಾಣದ ಬೀಗದ ಕೈಯನ್ನು ವಾರಕ್ಕೊಮ್ಮೆ ತೆರೆದು ನೋಡುವ ಒಬ್ಬರ ವಶಕ್ಕೆ ಕೊಡುವುದು. ಔಷಧ ಹೊಡೆಸಲು ಮೀಸಲಿಟ್ಟ ಹಣದಿಂದ ಜಾಲರಿ, ಸಿಮೆಂಟು ತರಿಸುವುದು. ತ್ಯಾಗಿನಿವಾಸವನ್ನು ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ತೆರೆದು ಎಂಟು ತಿಂಗಳು ಬೀಗ ಹಾಕಿಡುವ ಪದ್ಧತಿಯನ್ನೂ ಬಿಡಬೇಕು. ದಿನವೂ ಗಾಳಿ ಬೆಳಕು ಆಡುವ ಕೋಣೆಗೆ ಮುನ್ನಾದಿನದ ಔಷಧ ಬೇಕಾಗುವುದಿಲ್ಲ. ಆಷಾಢದ ಅಷ್ಟಾಹ್ನಿಕಕ್ಕೆ ಮೊದಲೇ ಬಿರುಕು, ಬಿಲಗಳ ಗಾರೆ ಕೆಲಸ ಮುಗಿದಿರಬೇಕು. ಮಳೆ ಹಿಡಿದ ಮೇಲೆ ಗಾರೆ ಸರಿಯಾಗಿ ಒಣಗುವುದಿಲ್ಲ, ಇಲಿಗಳೂ ಆಗಲೇ ಒಳಗೆ ಬಂದಿರುತ್ತವೆ.